ಹೆಬ್ಬೆರಳಿನ ಗುಟ್ಟು

ಮೊಣಕಾಲುದ್ದ ಹಿಮದ ಮೇಲೆ ಟ್ರ್ಯಾಕ್ಟರ್ ಓಡಿಸಿ ಕರಿಬೂದಿ ಎರಚುವುದನ್ನು ಮೊದಲ ಸಲ ನೋಡಿದಾಗ ಇವರಿಗೆಲ್ಲ ತಲೆ ಕೆಟ್ಟಿದೆ ಎಂದುಕೊಂಡೆ. ಕಪ್ಪು ಬಣ್ಣ ಬಿಸಿಲು ಹೀರಿ ಹಿಮ ಬೇಗ ಕರಗುತ್ತದಂತೆ, ಈರುಳ್ಳಿ ನಾಟಿಗೆ ಹೊಲ ಸಿಗುತ್ತದಂತೆ. ಜಪಾನಿನ ಉತ್ತರದ ಈ ದ್ವೀಪಕ್ಕೆ ನಾನು ಬಂದದ್ದೂ ಈರುಳ್ಳಿ ಬೇಸಾಯ ಕಲಿಯಲು. ಗುಂಡ್ಲುಪೇಟೆಯಲ್ಲಿ ಲಾರಿಗೆ ಈರುಳ್ಳಿ ಮೂಟೆ ಹಾಕಿದವನು ನಾನು. ಅದೇ ವಾಸನೆ ಇಲ್ಲಿ ಮೂಗಿಗೆ ಬಡಿದಾಗ ಅಳು ಬಂತು. ಈರುಳ್ಳಿ ಖಾರ ಎಂದು ಹೇಳಿ ಪಾರಾದೆ.

ಚಳಿಗಾಲದಲ್ಲಿ ಹೊಲದ ಕೆಲಸವಿಲ್ಲ. ಯಜಮಾನ ಮೊರಿ ಊರ ಬೇಸ್‌ಬಾಲ್ ತಂಡದಲ್ಲಿ ಚೆಂಡು ಎಸೆಯುವವರು. ಹೊರಗೆ ಹಿಮವಾದ್ದರಿಂದ ಅಭ್ಯಾಸವೆಲ್ಲ ಖಾಲಿ ಈರುಳ್ಳಿ ಗೋಡೌನಿನಲ್ಲಿ. ಅವರೆದುರು ಕೂತು ಚೆಂಡು ಹಿಡಿಯಬೇಕಾದ ಅವರ ಭಾವಮೈದ ಚಳಿಗಾಲವಿಡೀ ರಸ್ತೆಯ ಹಿಮ ತಳ್ಳುವ ಲಾರಿ ಓಡಿಸುತ್ತಾನೆ. ಅವನ ಜಾಗದಲ್ಲಿ ನನ್ನನ್ನು ಕೂರಿಸಿದರು.

ಯಾವ ಎಸೆತ ಬೇಕೆಂದು ಹಿಡಿಯುವವನು ತೊಡೆಸಂದಿಯಲ್ಲಿ ಬೆರಳು ತೋರಿಸಿ ಹೇಳಬೇಕು. ಎದುರಾಳಿ ಕದ್ದು ನೋಡಿದರೆ ಕೆಟ್ಟಿತು. ನನಗೆ ನಗು ಬಂತು. ನಮ್ಮಪ್ಪ ನಮ್ಮೂರು ಭೀಮನಬೀಡಿನಲ್ಲಿ ದನದ ದಲ್ಲಾಳಿ. ಸಂತೆಯಲ್ಲಿ ಟವೆಲ್ ಮುಚ್ಚಿ, ಒಳಗೆ ಬೆರಳು ಹಿಡಿದೇ ಅವರು ರೇಟು ಹೇಳುವುದು. ಟವೆಲ್ಲಿನ ಮೇಲಿನಿಂದಲೇ ಬೆರಳು ಓದುವ ಚಾಲಾಕಿಗಳೂ ಅಲ್ಲಿರುತ್ತಾರೆ. ಅದಕ್ಕೇ ಅಪ್ಪ, ಅವರ ಪಾಲುದಾರ ಇಬ್ಬರಲ್ಲೇ ಒಂದು ಗುಟ್ಟು: ಹೆಬ್ಬೆರಳು ಮಡಿಸುವ ತನಕ ಹಿಡಿದದ್ದೆಲ್ಲ ಸುಳ್ಳು, ಆಮೇಲಿನದು ನಿಜ.

ಅದನ್ನು ಮೊರಿಗೆ ಕಲಿಸಿದೆ. ಭಾಷೆ ಬಾರದ ನನಗೆ ಮೊದಲ ಸಲ ಯಾರೊಂದಿಗೋ ಮಾತಾಡಿದಂತಾಯಿತು. ಅವರಂತೂ ಕುಣಿದುಬಿಟ್ಟರು. ಅಭ್ಯಾಸ ಮುಗಿದಾಗಲೆಲ್ಲ 'ಒತ್ಸುಕಾರೆಸಾಮಾ' ಎಂದು ಬಾಗುತ್ತಿದ್ದರು. ದುಡಿದು ದಣಿದಿರಿ ಎಂದು ಮೆಚ್ಚಿ ಹೇಳುವ ಮಾತು ಅದು. "ಹಿಮ ಕರಗಲಿ, ಮೈದಾನದಲ್ಲೂ ನೀನೇ ಕೂರುವುದು" ಎಂದು ಅರ್ಧ ಮಾತು, ಅರ್ಧ ಕೈಸನ್ನೆಯಲ್ಲಿ ಹೇಳಿದರು. ನಾನು ತಂಡ ಸೇರಿದೆ ಎಂದು ಊರಿಗೆ ಫೋನು ಮಾಡಿ ಕೊಚ್ಚಿಕೊಂಡೆ.

ಏಪ್ರಿಲ್ ಕೊನೆಗೆ ಮೈದಾನದ ಮಣ್ಣು ಕಂಡಿತು. ಹೊರಗಿನ ಮೊದಲ ಅಭ್ಯಾಸಕ್ಕೆ ನಾನೇ ಎಲ್ಲರಿಗಿಂತ ಮುಂಚೆ ಹೋದೆ. ಮೊರಿ ನನ್ನ ಕೈಗೆ 'ತೊಂಬೊ' ಕೊಟ್ಟರು. ಮಣ್ಣು ಸಮ ಮಾಡುವ ಉದ್ದ ಹಿಡಿಯ ಹಲಗೆ, ಕಣದಲ್ಲಿ ನಾವು ರಾಗಿ ಎಳೆಯುವಂಥದ್ದು. ಖುಷಿಯಿಂದಲೇ ಎಳೆದೆ. ತಿರುಗಿ ನೋಡಿದರೆ ಚಳಿಗಾಲವಿಡೀ ನನ್ನದಾಗಿದ್ದ, ಚೆಂಡು ಹಿಡಿಯುವ ಕೈಗವಸು ಹಾಕಿಕೊಂಡು ಭಾವಮೈದ ಕೂತಿದ್ದ. ಹಳೆಯ ಆಟಗಾರ, ಮನೆಯವನು, ಇರಲಿ ಎಂದುಕೊಂಡೆ. ಅಷ್ಟರಲ್ಲಿ ಅವನು ಬೆರಳು ತೋರಿಸಿದ. ಒಂದು, ಮೂರು, ಹೆಬ್ಬೆರಳು ಮಡಿಸಿ ಎರಡು. ಮೊರಿ ತಲೆಯಾಡಿಸಿ ಎಸೆದರು. ನಮ್ಮ ಗುಟ್ಟನ್ನು ಅವನಿಗೂ ಕಲಿಸಿದ್ದರು.

ಸಂಜೆ ಅವರು ಎಂದಿನಂತೆ ಬಾಗಿ "ಒತ್ಸುಕಾರೆಸಾಮಾ" ಎಂದರು. "ನಾನು?" ಎಂದೆ, ಅಷ್ಟೇ ಭಾಷೆ ಇದ್ದದ್ದು. "ಮುಂದಿನ ಚಳಿಗಾಲಕ್ಕೆ ನೀನೇ" ಎಂದು ನಕ್ಕು ಭುಜ ತಟ್ಟಿದರು. ಬೈದಿದ್ದರೂ ಇಷ್ಟು ನೋಯುತ್ತಿರಲಿಲ್ಲ.

ಭಾನುವಾರ ಅಪ್ಪನಿಗೆ ಫೋನು ಮಾಡಿದೆ. "ಮೋಸ ಮಾಡ್ಬುಟ್ರು ಕಣಪ್ಪ. ನಮ್ ಹೆಬ್ಬೆರಳಿನ ಗುಟ್ಟು ಕಲ್ತ್ಕಂಡು ನನ್ನೇ ಆಚ್ಗಾಕ್ಬುಟ್ರು."



"ಅದ್ನ ನಿನ್ ತಮ್ಮಂಗೂ ಯೋಳ್ಕೊಟ್ಟಿರ್ನಿಲ್ಲ ಕಣ್ಲಾ ನಾನು. ನಿಂಗೊಬ್ಬಂಗೇ ಯೋಳಿದ್ದೆ. ಯಾರ್ ಯಾರಿಗೋ ಕೊಟ್ಬುಟ್ಟು, ಈಗ ಮೋಸ ಅಂತೀಯಾ? ಬುಡು."

ಅಪ್ಪ ಫೋನು ಇಟ್ಟುಬಿಟ್ಟರು.

ಮೊರಿಯ ಮೇಲಿನ ಸಿಟ್ಟು ಇನ್ನೂ ಆರಿಲ್ಲ. ಆದರೆ ತೊಂಬೊ ಎಳೆಯುವಾಗ ಯಾರ ಮೇಲೆ ಸಿಟ್ಟಾಗಬೇಕೆಂದು ಈಗ ಗೊಂದಲವಾಗುತ್ತದೆ. ಹೋದ ವಾರ ಅವ್ವ ಫೋನಿಗೆ ಸಿಕ್ಕಳು. ಅಪ್ಪ ಸಂತೆಗೆ ಹೊಸ ಗುಟ್ಟು ಮಾಡಿಕೊಂಡಿದ್ದಾರಂತೆ. ಏನದು ಎಂದು ಕೇಳಿದೆ.

"ನಂಗೇನ್ ಗೊತ್ತಪ್ಪ," ಎಂದಳು ಅವ್ವ. "ನಿನ್ ತಮ್ಮಂಗೆ ಯೋಳ್ಕೊಟ್ಟವ್ರೆ."