"ಬರ್ತೇನೆ" ಎನ್ನಬೇಡ ಎಂದವರು

ನಮ್ಮ ಮನೆಗೆ ಹೆಣ್ಣುಮಗು ಬಂದಿದೆ. ನನ್ನ ಮಗಳ ಮಗಳು. ಇವತ್ತು ಬೆಳಿಗ್ಗೆ, ನಾವಿರುವ ಈ ಗಲ್ಫ್ ಊರಿನ ಸಲ್ಮಾನಿಯಾದ ಆಸ್ಪತ್ರೆಯಿಂದ ತಾಯಿ, ಮಗು ಇಬ್ಬರನ್ನೂ ಕರೆತಂದೆವು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ಈ ಖುಷಿಯನ್ನು ಬರೆಯಲು ಬರುವುದಿಲ್ಲ. ಬರೆಯದೆ ಇರಲೂ ಆಗುವುದಿಲ್ಲ. ಮಗುವನ್ನು ಎತ್ತಿಕೊಂಡಾಗ ಎವಾ ಮ್ಯಾಡಂ ನೆನಪಾದರು.

ಕೊರೊನಾ ಬರುವ ಎರಡು ವರ್ಷ ಮೊದಲು ನಾನು ಅದ್ಲಿಯಾದ ಒಂದು ವಿಲ್ಲಾದಲ್ಲಿ ಕೇರ್‌ಗಿವರ್ ಆಗಿದ್ದೆ. ಅಂದರೆ ಹಾಸಿಗೆ ಹಿಡಿದವರ ಸ್ನಾನ, ಊಟ, ಮಾತ್ರೆ ನೋಡಿಕೊಳ್ಳುವ ಕೆಲಸ. ಮ್ಯಾಡಂಗೆ ತೊಂಬತ್ತರ ಹತ್ತಿರ. ಹಂಗೇರಿಯ ಯಹೂದಿ, ಮಗ ಇಲ್ಲಿ ಇಂಜಿನಿಯರ್. ಹದಿನೈದರ ಹುಡುಗಿಯಾಗಿದ್ದಾಗ ನಾಜಿಗಳು ಮನೆಮಂದಿಯನ್ನೆಲ್ಲ ರೈಲಿಗೆ ತುಂಬಿ ಕ್ಯಾಂಪಿಗೆ ಒಯ್ದರಂತೆ. ಬದುಕಿ ಬಂದವರು ಇವರೊಬ್ಬರೇ. ಮಗ ಮೊದಲ ದಿನವೇ ಇದನ್ನು ಹೇಳಿ, ಆ ವಿಷಯ ಎತ್ತಬೇಡಿ ಎಂದಿದ್ದರು.

ನಾನು ಎತ್ತಲಿಲ್ಲ. ಆದರೆ ನಮ್ಮೂರಿನವರು ಹೊರಡುವಾಗ "ಹೋಗ್ತೇನೆ" ಎನ್ನುವುದುಂಟೇ? ಅದು ಅಪಶಕುನ. ಸಂಜೆ ಡ್ಯೂಟಿ ಮುಗಿದಾಗ ನನ್ನ ಹರಕು ಇಂಗ್ಲಿಷಿನಲ್ಲೂ "ಬರ್ತೇನೆ ಮ್ಯಾಡಂ" ಎಂದೇ ಹೇಳುತ್ತಿದ್ದೆ. ಆಮೇಲೆ ರಾತ್ರಿಯೆಲ್ಲ ಅವರು ಬಾಗಿಲನ್ನೇ ನೋಡುತ್ತಾರೆ ಎಂದು ಮಗ ಹೇಳಿದರು. ಡಾಕ್ಟರ್ ನಿದ್ದೆಯ ಮಾತ್ರೆ ಹೆಚ್ಚಿಸಿದರು. ಉಪಯೋಗವಾಗಲಿಲ್ಲ.

ಒಂದು ಸಂಜೆ ಅವರು ನನ್ನ ಕೈ ಹಿಡಿದುಕೊಂಡರು.

"ನನ್ನಮ್ಮನೂ ಬರ್ತೇನೆ ಅಂತಲೇ ಹೇಳಿದ್ದು. ಕ್ಯಾಂಪಿನಲ್ಲಿ ಇಳಿಸಿ ನಮ್ಮನ್ನು ಎರಡು ಸಾಲು ಮಾಡಿದರು. ತಂಗಿಯನ್ನು ಎತ್ತಿಕೊಂಡು ಅಮ್ಮ ಆ ಕಡೆಯ ಸಾಲಿಗೆ ಹೋದಳು, ಆ ಸಾಲಿನವರು ಯಾರೂ ತಿರುಗಿ ಬರ್ಲಿಲ್ಲ. ನೀನು ಹೋಗ್ತೇನೆ ಅಂತ ಹೇಳು. ನನಗೆ ಇನ್ನು ಕಾಯ್ಲಿಕ್ಕೆ ಆಗುದಿಲ್ಲ."

ಇಗರ್ಜಿಯಲ್ಲಿ ಪಾದ್ರಿಗಳ ಬಾಯಲ್ಲಿ ಕೇಳಿದ ಸಮಾಧಾನವೇ ನನ್ನ ಬಾಯಿಗೆ ಬಂತು. ನಿಮ್ಮಮ್ಮ ಸ್ವರ್ಗದಲ್ಲಿ ನಿಮ್ಮ ದಾರಿ ನೋಡುತ್ತಿದ್ದಾರೆ ಎಂದೆ.

"ನೀನು ನೋಡಿ ಬಂದೆಯಾ?" ಎಂದರು.

ಮರುದಿನದಿಂದ "ಹೋಗ್ತೇನೆ ಮ್ಯಾಡಂ" ಎನ್ನತೊಡಗಿದೆ. ನಾಲಿಗೆ ತಡೆಯುತ್ತಿತ್ತು; ಬಸ್ಸಿನಲ್ಲಿ ಕೂತು ಶಿಲುಬೆಯ ಗುರುತು ಮಾಡಿಕೊಳ್ಳುತ್ತಿದ್ದೆ. ಅವರಿಗೆ ನಿದ್ದೆ ಬಂತೇ? ಇಲ್ಲ. ಎಪ್ಪತ್ತು ವರ್ಷಕ್ಕೂ ಮೇಲೆ ಕಾದ ಕಣ್ಣು ನನ್ನ ಒಂದು ಮಾತಿಗೆ ಮುಚ್ಚುತ್ತದೆಯೇ? ನನಗೆ ರಜೆಯಿದ್ದ ಒಂದು ಶುಕ್ರವಾರ ತೀರಿಕೊಂಡರು. ಆಗಲೂ ಮುಖ ಬಾಗಿಲ ಕಡೆಗೇ ಇತ್ತಂತೆ.

ನಮ್ಮ ಕೈಯಲ್ಲಿಲ್ಲದ್ದನ್ನು ಬಾಯಲ್ಲಿ ಕೊಡಬಾರದು. ಈ ಕೆಲಸ ನನಗೆ ಕಲಿಸಿದ್ದು ಇಷ್ಟೇ. ಕೊಡದಿದ್ದರೆ ಅವರ ನೋವು ಕಡಿಮೆಯಾಗುವುದಿಲ್ಲ. ನಮ್ಮದೊಂದು ಪಾಲು ಅದಕ್ಕೆ ಸೇರುವುದಿಲ್ಲ, ಅಷ್ಟೆ.

ಸಂಜೆ ಎಲ್ಲರೂ ಸೇರಿದಾಗ ಅಳಿಯ ಕೆಣಕಿದ: "ಮಾಮಿ, ಮಗುವಿಗೆ ಆಶೀರ್ವಾದ ಮಾಡಿ. ನೂರು ವರ್ಷ ಸುಖವಾಗಿ ಇರ್ತಾಳೆ ಅಂತ ಹೇಳ್ಲಿಕ್ಕೆ ಎಂತ ಜಿಪುಣತನ?"

ನಾನು ಮಗುವಿನ ಮುಖ ನೋಡಿದೆ. "ಈಗ ನನ್ನ ಮಡಿಲಲ್ಲಿ ಇದ್ದಾಳಲ್ಲ," ಎಂದೆ. "ನೀವೆಲ್ಲ ಊಟಕ್ಕೆ ಕೂತ್ಕೊಳ್ಳಿ."

ನೀರುದೋಸೆ, ಕೋಳಿ ಸಾರು. ಮಗುವನ್ನು ಎಡಗೈಯಲ್ಲಿ ಹಿಡಿದುಕೊಂಡೇ ನಾನೂ ಅವರ ಜೊತೆ ಹೊಟ್ಟೆ ತುಂಬ ಉಂಡೆ.