ಮಗಳ ಬಲ ಶ್ವಾಸಕೋಶ

ಉಡುಪಿ ಕಡೆಯಿಂದ ಇವರ ಬ್ಯಾಂಕ್ ವರ್ಗಾವಣೆಯಲ್ಲಿ ಕಲ್ಕತ್ತಕ್ಕೆ ಬಂದ ನಾವು ಟಾಲಿಗಂಜ್‌ನಲ್ಲಿ ಬಾಡಿಗೆಗಿದ್ದೆವು. ಮಗಳಿಗೆ ಆಗಷ್ಟೇ ಮೂರು ತುಂಬಿತ್ತು. ಎಪ್ಪತ್ತರ ದಶಕದ ಆ ಚಳಿಗಾಲವಿಡೀ ಅವಳಿಗೆ ಕೆಮ್ಮು, ಜ್ವರ. ಔಷಧಿ ಕೊಟ್ಟರೆ ಜ್ವರ ಬಿಡುತ್ತಿತ್ತು, ನಿಲ್ಲಿಸಿದರೆ ಮತ್ತೆ ಏರುತ್ತಿತ್ತು. ಒಬ್ಬ ಡಾಕ್ಟರು ದಮ್ಮು ಎಂದರು. ಮತ್ತೊಬ್ಬರು ಕ್ಷಯವಿರಬಹುದು ಅಂದರು.

ಅವಳ ಬೆನ್ನಿಗೆ ಕಿವಿಯಿಟ್ಟರೆ ಎಡಗಡೆ ಉಸಿರು ಕೇಳುತ್ತಿತ್ತು, ಬಲಗಡೆ ಕೆಳಗೆ ಏನೂ ಇಲ್ಲ.

"ಬಲಗಡೆ ಎಂತದೋ ಆಗಿದೆ ಮಾರಾಯ್ರೇ" ಅಂದೆ.

"ನೀನೇನು ಡಾಕ್ಟರಾ?" ಎಂದು ಇವರು ರೇಗಿದರು. ಅವರಿಗೂ ಹೆದರಿಕೆಯೇ.

ಕಡೆಗೆ ಸಿಯಾಲ್ದಾ ಹತ್ತಿರದ ಆಸ್ಪತ್ರೆಗೆ ಹೋದೆವು. ಕರೆಂಟಿರಲಿಲ್ಲ. ಹಿರಿಯ ಡಾಕ್ಟರು ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಹಿಂದಿಯಲ್ಲಿ ಕೇಳಿದರು: "ತಿನ್ನುವಾಗ ಇವಳಿಗೆ ಎಂದಾದರೂ ಉಸಿರು ಕಟ್ಟಿತ್ತೇ?"

ಆಗ ನೆನಪಾಗಿ ಹೇಳಿದೆ. ದುರ್ಗಾಪೂಜೆಯ ಗದ್ದಲದಲ್ಲಿ ಅಪ್ಪನ ಹೆಗಲೇರಿ ನೆಲಗಡಲೆ ತಿನ್ನುತ್ತಿದ್ದವಳು, ನಗುತ್ತ ನಗುತ್ತಲೇ ಮುಖ ನೀಲಿಗಟ್ಟುವಷ್ಟು ಕೆಮ್ಮಿದ್ದಳು. ಸ್ವಲ್ಪ ಹೊತ್ತಿಗೆ ಸರಿಹೋಗಿ ಮತ್ತೆ ಆಡತೊಡಗಿದ್ದಳು.

ಡಾಕ್ಟರು ಎರಡು ಬೆರಳು ಅಗಲಿಸಿ ತೋರಿಸಿದರು. "ಉಸಿರಿನ ಕೊಳವೆ ಎದೆಯೊಳಗೆ ಎರಡಾಗುತ್ತದೆ. ಎಡದ್ದು ಸಪೂರ, ಪಕ್ಕಕ್ಕೆ ಓರೆಯಾಗಿ ಹೋಗುತ್ತದೆ. ಬಲದ್ದು ಅಗಲ, ಹೆಚ್ಚುಕಡಿಮೆ ನೆಟ್ಟಗೆ ಇಳಿಯುತ್ತದೆ. ಜಾರಿದ್ದು ಬಹಳ ಸಲ ಅಲ್ಲಿಗೇ ಬೀಳುತ್ತದೆ. ಕಾಳು ಉಬ್ಬಿ ದಾರಿ ಮುಚ್ಚಿರಬೇಕು. ಅದರ ಕೆಳಗಿನ ಭಾಗ ಗಾಳಿಯಿಲ್ಲದೆ ಕೀವಾಗುತ್ತಿದೆ."

"ತೆಗೆದರೆ ಸರಿಹೋಗುತ್ತದಾ?"

"ತೆಗೆಯಲೇಬೇಕು. ಎಷ್ಟು ಸರಿಹೋಗುತ್ತದೋ ಹೇಳಲಾರೆ."

ಬಾಯಿಯಿಂದ ಲೋಹದ ಕೊಳವೆ ಇಳಿಸಿ ತೆಗೆಯಬೇಕಿತ್ತು. ಒಳಗೆ ಒಯ್ಯುವಾಗ ಮಗು ನನ್ನ ಸೆರಗು ಬಿಡಲಿಲ್ಲ. ನೆರೆಮನೆಯಲ್ಲಿ ಕಲಿತ ಬಂಗಾಳಿಯಲ್ಲಿ "ಆರ್ ನಾ, ಆರ್ ನಾ" ಎಂದು ಅಳುತ್ತಿತ್ತು. ಸಾಕು, ಇನ್ನು ಬೇಡ ಎಂದು. ನರ್ಸು ಸೆರಗು ಬಿಡಿಸಿದಳು. ಇವರು ಗೋಡೆಗೆ ಮುಖ ಮಾಡಿ ನಿಂತರು. ದಿನಾ ಹೇಳುವ ಶ್ಲೋಕದ ಒಂದು ಸಾಲೂ ನನಗೆ ನೆನಪಾಗಲಿಲ್ಲ. ಕಡೆಗೆ ಬಾಗಿಲು ತೆರೆಯಿತು.

ಹತ್ತಿಯ ಮೇಲೆ ನೆಲಗಡಲೆಯ ಕೊಳೆತ ಅರೆಬೇಳೆ ತಂದು ತೋರಿಸಿದರು. ಜ್ವರ ಇಳಿಯಿತು. ನಾನು ಎಲ್ಲರಿಗೂ ಸಿಹಿ ಹಂಚಿದೆ.

ಮುಂದಿನ ಚಳಿಗಾಲಕ್ಕೆ ಮತ್ತೆ ಅದೇ ಜ್ವರ, ನಾರುವ ಕಫ. ಕಾಳು ಹೋದರೂ ಆ ಭಾಗ ಹಾಳಾಗಿಬಿಟ್ಟಿತ್ತು. ಅದನ್ನು ಕತ್ತರಿಸಿ ತೆಗೆದರು. ಬದುಕಿದಳು. ಬೇರೆ ಮಕ್ಕಳು ಓಡುತ್ತ ಮುಂದೆ ಹೋದ ಮೇಲೆ ಅವಳು ಪಕ್ಕೆ ಹಿಡಿದು ಗಲ್ಲಿಯ ನಡುವೆ ನಿಲ್ಲುತ್ತಿದ್ದಳು. ನಾನು ಕರೆಯುತ್ತಿರಲಿಲ್ಲ, ಉತ್ತರ ಕೊಡಲು ಅವಳಿಗೆ ಉಸಿರು ಬೇಕಲ್ಲ.