ಇಂಜಿನ್ ಕೋಣೆಯ ಮಣೆ

ನನ್ನ ಗಂಡ ಲಾಂಚಿನ ಇಂಜಿನ್ ಕೋಣೆಯಲ್ಲಿ ಸತ್ತರು. ಆ ಇಂಜಿನ್ ಒಂದು ದಿನ ಕೈಮೀರಬಹುದು ಎಂದು ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ನಡೆಸಿದರು. ಬರೆಯುವುದಾದರೆ ಒಳ್ಳೆಯದನ್ನಷ್ಟೇ ಬರೆಯಿರಿ ಎಂದು ಮೈದುನ ಹೇಳಿದ. ಹಾಗೆ ಬರೆದರೆ ಅದು ಅವರಾಗುವುದಿಲ್ಲ.

ಹೊಳೆ ದಾಟಿಸುವ ಲಾಂಚು ಅದು. ಜನ, ಬೈಕು, ಕಾರು ಹತ್ತುತ್ತಿದ್ದವು. ನಡೆಸುವುದೂ ಅವರೇ, ರಿಪೇರಿಯೂ ಅವರೇ. ಹಗ್ಗ ಕಟ್ಟುವುದು, ಟಿಕೆಟ್ ಹರಿಯುವುದು ಅವರ ತಮ್ಮನ ಕೆಲಸ. ನಮ್ಮ ಮನೆ ದಡದ ಮೇಲೆಯೇ. ಇಂಜಿನ್ ಸದ್ದು ಕೇಳಿಯೇ ಲಾಂಚು ಎಲ್ಲಿದೆ ಎಂದು ಹೇಳುತ್ತಿದ್ದೆ.

ಅವರ ಬೆರಳ ಗೆರೆಗಳಲ್ಲೆಲ್ಲ ಕರಿ ಎಣ್ಣೆ. ಮದುವೆಯಾದ ಹೊಸದರಲ್ಲಿ ಕೈ ತೊಳೆದು ಬನ್ನಿ ಎಂದರೆ, "ತೊಳೆದಿದೀನಿ ಕಣೇ, ಇದು ಹುಟ್ಟು ಬಣ್ಣ" ಅನ್ನುತ್ತಿದ್ದರು. ಮಾತು ಕಡಿಮೆ. ಇಂಜಿನ್ ವಿಷಯ ಬಂದರೆ ಮಾತ್ರ ತಟ್ಟೆಯಲ್ಲಿ ಅನ್ನ ಆರಿದರೂ ಅವರಿಗೆ ಗೊತ್ತಾಗುತ್ತಿರಲಿಲ್ಲ. ಯಾರಾದರೂ ಹೊಗಳಿದರೆ ಉಬ್ಬುತ್ತಿದ್ದರು. ಹಂಗಿಸಿದರೆ ಅದನ್ನು ವರ್ಷಗಟ್ಟಲೆ ಒಳಗಿಟ್ಟುಕೊಳ್ಳುತ್ತಿದ್ದರು.

ಒಂದು ಮಳೆಗಾಲ ಹೊಳೆ ತುಂಬಿತ್ತು. ಹಳೆಯ ಇಂಜಿನ್‌ಗೆ ಸೆಳೆತ ತಡೆಯಲಾಗಲಿಲ್ಲ. ಲಾಂಚು ಅಡ್ಡಕ್ಕೆ ತೇಲಿ ಕೆಳಗಿನ ಬಂಡೆಗೆ ಹೋಗಿ ತಾಗಿತು. ಯಾರಿಗೂ ಪೆಟ್ಟಾಗಲಿಲ್ಲ. ಇಳಿಯುವಾಗ ಹಾಲಿನವನು, "ಇದಕ್ಕಿಂತ ಎಮ್ಮೆ ಬಾಲ ಹಿಡ್ಕೊಂಡು ದಾಟಬಹುದಿತ್ತಲ್ಲ ಮೇಸ್ತ್ರಿ" ಎಂದ. ಎಲ್ಲರೂ ನಕ್ಕರು. ನಮ್ಮವರೂ ನಕ್ಕರು. ಮನೆಗೆ ಬಂದು ಗೋಡೆ ಕಡೆ ತಿರುಗಿ ಮಲಗಿದರು.

ಮಳೆ ನಿಂತ ಮೇಲೆ ಗುಜರಿಯಿಂದ ಗೋಣಿಚೀಲದಲ್ಲಿ ಏನೋ ಹೊತ್ತು ತಂದರು. ಮುರಿದು ಹಾಕಿದ ಲಾರಿಯದು. ಹಿತ್ತಿಲಲ್ಲಿ ನಾನು ನೀರೊಲೆ ಊದುತ್ತಿದ್ದೆ. ಪಕ್ಕದಲ್ಲೇ ಇಳಿಸಿದರು.

"ಇದೇನ್ರೀ, ಕಬ್ಬಿಣದ ಬಸವನಹುಳು?"

"ಟರ್ಬೊ. ನೀನು ಊದಿದ್ರೆ ಬೆಂಕಿ ಯಾಕೆ ಏಳುತ್ತೆ ಹೇಳು."

"ಊದಿದ್ರೆ ಏಳದೆ ಇನ್ನೇನು?"

"ಗಾಳಿ ಸಿಗುತ್ತೆ, ಅದಕ್ಕೆ. ಇಂಜಿನ್‌ಗೂ ಅಷ್ಟೇ. ಗಾಳಿ ಜಾಸ್ತಿ ಕೊಟ್ರೆ ಡೀಸೆಲ್ ಜಾಸ್ತಿ ಉರಿಸಬಹುದು, ಶಕ್ತಿ ಬರುತ್ತೆ. ಹೊರಗೆ ಬಿಸಾಕೋ ಹೊಗೆ ಇದೆಯಲ್ಲ, ಅದು ಈ ಕಡೆ ಚಕ್ರ ತಿರುಗಿಸುತ್ತೆ. ಅದೇ ಸರಳಿಗೆ ಆ ಕಡೆ ಇನ್ನೊಂದು ಚಕ್ರ. ಅದು ಗಾಳಿ ಎಳ್ಕೊಂಡು ಇಂಜಿನ್ ಒಳಗೆ ಒತ್ತುತ್ತೆ."

"ಹಾಗಾದ್ರೆ ಬಿಟ್ಟಿ ಊದೋನು ಸಿಕ್ಕಿದ. ನನಗೂ ಒಬ್ಬನ್ನ ತಂದುಕೊಡಿ."

ಅವರು ನಗಲಿಲ್ಲ. ಚಕ್ರವನ್ನು ಬೆರಳಲ್ಲಿ ತಿರುಗಿಸಿದರು. ಸದ್ದೇ ಇಲ್ಲದೆ ಬಹಳ ಹೊತ್ತು ತಿರುಗಿತು.

"ಬಿಟ್ಟಿ ಅಲ್ಲ. ಈ ಸರಳು ಎಣ್ಣೆ ಮೇಲೆ ತೇಲ್ತಾ ತಿರುಗುತ್ತೆ. ಎಣ್ಣೆ ತಪ್ಪಬಾರದು. ಏಳು ಸ್ವಲ್ಪ."

ನಾನು ಎದ್ದೆ. ನಾನು ಕೂತಿದ್ದ ಮಣೆಯನ್ನು ಎತ್ತಿ ತಿರುಗಿಸಿ ನೋಡಿದರು. ದಪ್ಪ ಮರದ ಮಣೆ, ನನ್ನ ತವರಿನಿಂದ ಬಂದದ್ದು.

"ಇದು ಬೇಕು. ಒಳಗೆ ಎಣ್ಣೆ ತಡೆಯೋ ಸೀಲು ಇರುತ್ತೆ. ಅದು ಹೋದ್ರೆ ಇಂಜಿನ್ ತನ್ನೆಣ್ಣೆ ತಾನೇ ಕುಡಿದು ಓಡೋಕೆ ಶುರುಮಾಡುತ್ತೆ. ಡೀಸೆಲ್ ಬಂದ್ ಮಾಡಿದ್ರೂ ನಿಲ್ಲಲ್ಲ. ಆಗ ಗಾಳಿ ಎಳೆಯೋ ಬಾಯಿಗೆ ಹಲಗೆ ಒತ್ತಿ ಹಿಡೀಬೇಕು. ಬಟ್ಟೆ ತುರುಕಿದ್ರೆ ಎಳ್ಕೊಂಡ್ಬಿಡುತ್ತೆ."

"ಕೈ ಇಟ್ರೆ?"

"ಕೈಯನ್ನೂ."

"ಅಂಥದ್ದನ್ನ ಯಾಕ್ರೀ ಹಾಕ್ತೀರಿ?"

"ಹಾಗೆಲ್ಲ ಆಗಲ್ಲ ಬಿಡು" ಎಂದು ಮಣೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಹೋದರು. ಇಂಜಿನ್ ಕೋಣೆಯಲ್ಲಿ ಗಾಳಿಕೊಳವೆಯ ಎದುರಿಗೇ ಮೊಳೆ ಹೊಡೆದು ನೇತುಹಾಕಿದರು. ಅದನ್ನು ಯಾರೂ ಮುಟ್ಟುವಂತಿರಲಿಲ್ಲ.

ಲಾಂಚಿಗೆ ರೆಕ್ಕೆ ಬಂದಂತಾಯಿತು. ಸಿಳ್ಳೆ ಹಾಕುತ್ತಾ ಹೊಳೆ ಸೀಳಿಕೊಂಡು ಹೋಗುತ್ತಿತ್ತು. ಅದೇ ಹಾಲಿನವನು, "ಮೊದಲೆಲ್ಲ ಒಂದು ನಿದ್ದೆ ತೆಗೀತಿದ್ದೆ ಮೇಸ್ತ್ರಿ, ಈಗ ಆಕಳಿಸೋಕೂ ಪುರುಸೊತ್ತು ಕೊಡಲ್ಲ ನೀವು" ಎಂದನಂತೆ. ಅದನ್ನು ನಮ್ಮವರು ನನಗೆ ಎಷ್ಟು ಸಲ ಹೇಳಿದರೋ. ಲಾಂಚಿನ ಯಜಮಾನ ಲಾರಿಗಳನ್ನೂ ಹತ್ತಿಸತೊಡಗಿದ. ಇಂಜಿನ್ ಮಾತ್ರ ಹಳೆಯದೇ. ಅಷ್ಟು ಬಿಸಿಗೆ, ಅಷ್ಟು ಒತ್ತಡಕ್ಕೆ ಮಾಡಿದ್ದಲ್ಲ. ಇದನ್ನು ನನಗೆ ಹೇಳಿದವರೂ ಅವರೇ.

ದಡಕ್ಕೆ ಕಟ್ಟಿದ ಮೇಲೂ ಅವರು ಇಂಜಿನ್ನನ್ನು ಕೂಡಲೇ ಆರಿಸುತ್ತಿರಲಿಲ್ಲ. ಸ್ವಲ್ಪ ಹೊತ್ತು ನಿಧಾನಕ್ಕೆ ಓಡಲು ಬಿಡುತ್ತಿದ್ದರು. ಕಾದ ಚಕ್ರ ಆರಬೇಕು, ಅಲ್ಲಿಯವರೆಗೆ ಎಣ್ಣೆ ಹರಿಯುತ್ತಿರಬೇಕು. ಥಟ್ಟನೆ ನಿಲ್ಲಿಸಿದರೆ ಎಣ್ಣೆ ಅಲ್ಲೇ ಸೀದು ಕರಕಲಾಗಿ ಸರಳನ್ನೂ ಸೀಲನ್ನೂ ತಿನ್ನುತ್ತದೆ. ಆ ಗುಡುಗುಡು ಕೇಳಿದರೆ ನಾನು ತಟ್ಟೆ ಇಡುತ್ತಿದ್ದೆ. ಅದು ನಿಂತಾಗ ಅನ್ನ ಬಡಿಸುತ್ತಿದ್ದೆ.

ಯಜಮಾನನ ಕಣ್ಣಿಗೆ ಅದು ಚುಚ್ಚಿತು. ದಡದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದವನು ಎಲ್ಲರೆದುರೇ ಕೂಗಿದ.

"ಕಟ್ಟಿದ ಮೇಲೂ ಯಾಕಯ್ಯ ಉರಿಸ್ತೀಯ? ಡೀಸೆಲ್ ಏನು ನಿಮ್ಮಪ್ಪನ ಮನೇದಾ?"

ಅವತ್ತಿನಿಂದ ಲಾಂಚು ದಡ ಮುಟ್ಟಿದ ಕೂಡಲೇ ಸದ್ದು ಕಡಿದುಹೋಗುತ್ತಿತ್ತು. ತಟ್ಟೆ ಇಡುವ ಮೊದಲೇ ಅವರು ಬಾಗಿಲಲ್ಲಿರುತ್ತಿದ್ದರು. ಕೇಳಿದ್ದಕ್ಕೆ, "ಯಜಮಾನರು ಇರೋವಾಗ ಮಾತ್ರ" ಎಂದರು. ಯಜಮಾನ ದಿನವೂ ಇರುತ್ತಿದ್ದ.

ಮತ್ತೆ ಮಳೆಗಾಲ ಬಂತು. ಹೊಗೆ ನೀಲಿಯಾಯಿತು. ಒಣಗಲು ಹಾಕಿದ ಬಟ್ಟೆಗೆಲ್ಲ ಸುಟ್ಟ ಎಣ್ಣೆಯ ನಾತ. ಸಿಳ್ಳೆಯ ಸದ್ದೂ ಕೆಟ್ಟಿತು. ಸಾಣೆಗೆ ಚಾಕು ಹಿಡಿದಂತೆ ಕೇಳುತ್ತಿತ್ತು. ಒಂದು ಮಧ್ಯಾಹ್ನ ಅಣ್ಣತಮ್ಮಂದಿರು ಊಟಕ್ಕೆ ಕೂತಿದ್ದರು.

"ಎಲ್ಲೂ ಸೋರ್ತಿಲ್ಲ. ಎಣ್ಣೆ ಮಾತ್ರ ಇಳೀತಾನೇ ಇದೆ" ಎಂದರು ನಮ್ಮವರು.

ಮೈದುನನ ಕೈ ನಿಂತಿತು. "ಅಣ್ಣ, ಅದನ್ನ ಬಿಚ್ಚಿ ಎಸಿ. ಮೊದಲು ಹೋಗ್ತಿದ್ದ ಹಾಗೇ ಹೋಗೋಣ."

"ಹೇಗೆ? ಎಮ್ಮೆ ಬಾಲ ಹಿಡ್ಕೊಂಡಾ?"

ಯಾರೂ ನಗಲಿಲ್ಲ.

"ತೆಗೀರಿ ಅದನ್ನ. ನಿಮ್ಮ ಕಾಲಿಗೆ ಬೀಳ್ತೀನಿ" ಎಂದೆ.

"ಹೊಳೆ ಇಳೀಲಿ. ಈಗ ತೆಗೆದ್ರೆ ಈ ಸೆಳೆತದಲ್ಲಿ ಮತ್ತೆ ಬಂಡೆಗೇ ಹೋಗ್ತೀವಿ."

"ಹಾಗಾದ್ರೆ ಲಾಂಚು ನಿಲ್ಲಿಸಿ."

ಅವರು ಕೈ ತೊಳೆಯಲು ಎದ್ದರು. ರಿಪೇರಿ ಹೊಳೆ ಇಳಿದ ಮೇಲೆ ಎಂದು ಯಜಮಾನನೂ ಹೇಳಿದ್ದನಂತೆ. ಇಬ್ಬರಿಗೂ ಒಂದೇ ಮಾತು ಸರಿಬಂದದ್ದು ಅದೊಂದರಲ್ಲೇ. ಹೊಳೆ ಇಳಿಯಲಿಲ್ಲ. ದಿನವೂ ಬೆಳಿಗ್ಗೆ ಎದ್ದು ಮೊದಲು ಹೊಳೆ ನೋಡುತ್ತಿದ್ದೆ. ಕೆಂಪು ನೀರು ದಡದ ಮೆಟ್ಟಿಲಿನ ಮೇಲೇ ಇರುತ್ತಿತ್ತು.

ಅವತ್ತು ಬಿಸಿಲು ಬಂದಿತ್ತು. ಬಟ್ಟೆ ಹರವುತ್ತಿದ್ದೆ. ಲಾಂಚು ಆಚೆ ದಡ ಬಿಟ್ಟು ನಡುಹೊಳೆಗೆ ಬಂದಿತ್ತು. ಸದ್ದು ಏರಿತು. ಅವರು ಹಾಗೆ ಏರಿಸುವವರಲ್ಲ. ಈಗ ಇಳಿಯುತ್ತದೆ ಎಂದುಕೊಂಡೆ. ಇಳಿಯಲಿಲ್ಲ. ಏರುತ್ತಲೇ ಹೋಯಿತು. ಬಿಳಿ ಹೊಗೆ ಲಾಂಚನ್ನು ಪೂರ್ತಿ ಮುಚ್ಚಿತು. ಒಳಗಿಂದ ಜನ ಕಿರುಚುವುದು ಕೇಳಿತು. ನಾನು ದಡಕ್ಕೆ ಓಡಿದೆ. ಯಜಮಾನ ಕುರ್ಚಿಯಿಂದ ಎದ್ದು ನಿಂತು, "ಆಫ್ ಮಾಡೋ! ಆಫ್ ಮಾಡೋ!" ಎಂದು ಕೂಗುತ್ತಿದ್ದ.

ಒಳಗೆ ಏನೋ ಒಡೆದ ಸದ್ದಾಯಿತು. ಇಂಜಿನ್ ಕೆಮ್ಮಿತು. ನಿಂತಿತು. ಆಮೇಲೆ ಹೊಳೆಯ ಸದ್ದು ಮಾತ್ರ.

ಉಳಿದದ್ದನ್ನು ಹೇಳಿದವನು ಮೈದುನ. ಸದ್ದು ಏರಿದ ಕೂಡಲೇ ಅಣ್ಣ ಚುಕ್ಕಾಣಿಯನ್ನು ಅವನ ಕೈಗೆ ಕೊಟ್ಟು, ಡೀಸೆಲ್ ಬಂದ್ ಮಾಡಿ ಕೆಳಗಿಳಿದರು. ಇಂಜಿನ್ ನಿಲ್ಲಲಿಲ್ಲ. ಗಾಳಿಕೊಳವೆಯ ಬಾಯಿಗಿದ್ದ ಧೂಳು ಸೋಸುವ ಡಬ್ಬಿ ಕಿತ್ತು, ಮಣೆ ಒತ್ತಿ ಹಿಡಿದರು. ನಿಲ್ಲುವ ಮೊದಲೇ ಒಳಗಿನ ಪಿಸ್ಟನ್ ರಾಡೊಂದು ಮುರಿದು ಇಂಜಿನ್ನಿನ ಪಕ್ಕೆ ಸೀಳಿಕೊಂಡು ಬಂದು ಅವರ ಎದೆಗೆ ಬಡಿಯಿತು. ಮೈದುನ ಲಂಗರು ಬಿಟ್ಟು ಲಾಂಚನ್ನು ತಡೆದ. ಸಣ್ಣ ದೋಣಿಗಳು ಹೋಗಿ ಎಲ್ಲರನ್ನೂ ಕರೆತಂದವು.

"ಮಣೆ ಬಿಟ್ಟಿರಲಿಲ್ಲ ಅತ್ತಿಗೆ. ಬಿದ್ದಿದ್ರೂ ಎರಡು ಕೈಯಲ್ಲೂ ಹಿಡ್ಕೊಂಡೇ ಇದ್ದ."

ಅಷ್ಟೂ ಜನರನ್ನು ಉಳಿಸಿದರು ಎಂದು ಬಂದವರೆಲ್ಲ ಹೇಳಿದರು. ಹೌದು, ಉಳಿಸಿದರು. ಅಷ್ಟೂ ಜನರನ್ನು ಆ ಇಂಜಿನ್ ಮೇಲೆ ಹತ್ತಿಸಿದವರೂ ಅವರೇ. ಎರಡೂ ನಿಜ. ಒಂದನ್ನು ಅಳಿಸಿ ಇನ್ನೊಂದನ್ನು ಇಟ್ಟುಕೊಳ್ಳಲು ನನಗೆ ಬರುವುದಿಲ್ಲ.

ಮಣೆ ಮನೆಗೆ ಬಂತು. ನಡುವೆ ದುಂಡಗೆ ಕೊಳವೆಯ ಬಾಯಿಯ ಅಚ್ಚು ಒತ್ತಿತ್ತು. ನಾನು ಅದರ ಮೇಲೆ ಕೂರಲಿಲ್ಲ. ಒಲೆಗೂ ಹಾಕಲಿಲ್ಲ.

ಯಜಮಾನ ಬೇರೆ ಇಂಜಿನ್ ಕೂರಿಸಿದ. ಅದೂ ಎಲ್ಲೋ ಓಡಿ ಸವೆದದ್ದೇ. ಅದಕ್ಕೂ ಟರ್ಬೊ ಇದೆ, ಅದೂ ಸಿಳ್ಳೆ ಹಾಕುತ್ತದೆ. ನಡೆಸುವವನು ಹೊಸಬ. ಲಾಂಚು ದಡ ಮುಟ್ಟಿತೋ ಇಲ್ಲವೋ, ಸದ್ದು ಥಟ್ಟನೆ ನಿಲ್ಲುತ್ತದೆ. ನಾಲ್ಕು ದಿನ ಕೇಳಿಸಿಕೊಂಡೆ. ಆಮೇಲೆ ಮಣೆ ತೆಗೆದುಕೊಂಡು ಹೋಗಿ ಅವನ ಕೈಗೆ ಕೊಟ್ಟೆ.

"ಕೂರೋಕಾ ಅಮ್ಮ?" ಎಂದ.

"ಕೂರೋಕಲ್ಲ. ಕೆಳಗೆ ಮೊಳೆ ಇದೆ, ಅದಕ್ಕೆ ನೇತುಹಾಕು." ಯಾಕೆಂದು ಹೇಳಿದೆ. ದಡಕ್ಕೆ ಬಂದ ಮೇಲೆ ಸ್ವಲ್ಪ ಹೊತ್ತು ಓಡಲು ಬಿಡು ಎಂದೂ ಹೇಳಿದೆ. ತಲೆ ಆಡಿಸಿದ. ಕಣ್ಣು ಯಜಮಾನನ ಕುರ್ಚಿಯ ಕಡೆಗಿತ್ತು.

ಮೊನ್ನೆ ಮೈದುನ ಹಗ್ಗದ ಕೆಲಸ ಬೇರೊಬ್ಬನಿಗೆ ಒಪ್ಪಿಸಿ ಊಟಕ್ಕೆ ಬಂದಿದ್ದ.

"ಮಣೆ ಮೊಳೇಲಿದೆಯೇನೋ?" ಎಂದೆ.

ಅವನು ತಟ್ಟೆಯಿಂದ ತಲೆ ಎತ್ತಲಿಲ್ಲ. "ಅದರ ಮೇಲೆ ಕೂತು ಬುತ್ತಿ ಉಣ್ತಾನೆ, ಅತ್ತಿಗೆ. ಆಮೇಲೆ ಅಲ್ಲೇ ಎಲ್ಲೋ ಬಿಟ್ಟಿರ್ತಾನೆ."

"ನೀನು ಎತ್ತಿ ಹಾಕು. ಪ್ರತಿ ಸಲ ಹಾಕು."

"ಹಾಕ್ತೀನಿ."

ಅನ್ನ ಬಡಿಸಲು ಎದ್ದೆ. ಹೊರಗೆ ಲಾಂಚು ಸಿಳ್ಳೆ ಹಾಕುತ್ತಾ ದಡಕ್ಕೆ ಬರುತ್ತಿತ್ತು. ಇಬ್ಬರೂ ಕಿವಿಗೊಟ್ಟೆವು. ದಡ ಮುಟ್ಟಿತು. ಸದ್ದು ಕಡಿದುಹೋಯಿತು.